ಹಕ್ಕಿ ನೋಡೋದು ಅಂದ್ರೆ ಹಕ್ಕಿ ‘ಹೊಡೆಯೋದು’ ಅಲ್ಲ ಸ್ವಾಮಿ!

"ಈ ವೀಕೆಂಡ್ ಏನ್ ಹೊಡ್ದೆ ಗುರು?"

"ಪಿಟ್ಟಾ ಸಿಕ್ತು ಮಗಾ. ಪ್ಯಾರಡೈಸ್ ಫ್ಲೈಕ್ಯಾಚರ್ ಗಂಡು, ಬಿಳೀದು, ಅದೂ ಹೊಡ್ದೆ. ಬ್ಯಾಕ್‌ಗ್ರೌಂಡ್ ಮಾತ್ರ ಸ್ವಲ್ಪ ಕೈಕೊಡ್ತು."

ಸೋಮವಾರ ಬೆಳಿಗ್ಗೆ ಆಫೀಸಿನ ಕಾಫಿ ಮೆಷಿನ್ ಪಕ್ಕ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಗೊತ್ತಿಲ್ಲದವರು ಕೇಳಿಸಿಕೊಂಡರೆ ಇವರು ಕೋವಿ ಹಿಡ್ಕೊಂಡು ಕಾಡಿಗೆ ಹೋಗಿದ್ರು ಅಂತಲೇ ತಿಳ್ಕೋತಾರೆ. ಇವರ ಕೈಲಿದ್ದದ್ದು ಕ್ಯಾಮೆರಾ. ಆದರೆ ಮಾತಿನಲ್ಲಿ ಕೋವಿ ಹಾಗೇ ಉಳಿದುಕೊಂಡಿದೆ ನೋಡಿ. ಮಾತಿನಲ್ಲಷ್ಟೇ ಅಲ್ಲ, ಬುದ್ಧಿಯಲ್ಲೂ ಉಳಿದುಕೊಂಡಿದೆ ಅನ್ನೋದು ನನ್ನ ತಕರಾರು. ಮೊದಲೇ ಹೇಳಿಬಿಡ್ತೀನಿ, ಇದನ್ನು ಓದಿ ನನ್ನ ಕೆಲವು ಗೆಳೆಯರು ಮುನಿಸಿಕೊಳ್ತಾರೆ. ಮುನಿಸಿಕೊಳ್ಳಲಿ. ಹೋದ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿ ಸಾಕಾಗಿದೆ.

ನನ್ನ ವಾದ ಇಷ್ಟೆ. ನಾವು ‘ಬರ್ಡಿಂಗ್’ ಅಂತ ಕರೀತಿರೋದರಲ್ಲಿ ಬಹುಪಾಲು ಹಕ್ಕಿ ನೋಡೋ ಹವ್ಯಾಸವೇ ಅಲ್ಲ. ಅದು ಫೋಟೋ ಗುಡ್ಡೆ ಹಾಕೋ ಹವ್ಯಾಸ. ಅದರಲ್ಲಿ ಹಕ್ಕಿ ಒಂದು ಸಾಮಾನು ಅಷ್ಟೆ. ಈ ಹವ್ಯಾಸದಿಂದ ಹಕ್ಕಿಗೂ ಲಾಭ ಇಲ್ಲ, ಬಹಳಷ್ಟು ಸಲ ನೋಡುವವನಿಗೂ ಇಲ್ಲ. ಹತ್ತು ಲಕ್ಷ ದಾಟುವ ಲೆನ್ಸಿಗೆ ಸಾಲ ಮಾಡುವವನು ಕೆಲವು ನೂರು ರೂಪಾಯಿಯ ಹಕ್ಕಿ ಪುಸ್ತಕ ತಗೊಳ್ಳೋಕೆ ಹಿಂದೆ ಮುಂದೆ ನೋಡ್ತಾನೆ ಅಂದ್ರೆ ಎಲ್ಲೋ ಏನೋ ತಪ್ಪಿದೆ ತಾನೆ?

ಮೊದಲು ಈ ‘ಹೈಡ್’ಗಳ ವಿಷಯಕ್ಕೆ ಬರೋಣ. ಗೊತ್ತಿಲ್ಲದವರಿಗೆ ಹೇಳ್ತೀನಿ. ತೋಟದ ಅಂಚಿನಲ್ಲೋ ಕಾಡಿನ ಪಕ್ಕದಲ್ಲೋ ಒಂದು ಹಸಿರು ಬಟ್ಟೆಯ ಗುಡಾರ. ಅದರಲ್ಲಿ ಲೆನ್ಸ್ ತೂರಿಸೋಕೆ ಕಿಂಡಿಗಳು, ಕೂರೋಕೆ ಪ್ಲಾಸ್ಟಿಕ್ ಕುರ್ಚಿ. ಎದುರಿಗೆ ಹತ್ತಡಿ ದೂರದಲ್ಲಿ ಪುಟ್ಟ ನೀರಿನ ಗುಂಡಿ, ಅದರ ಪಕ್ಕ ಪಾಚಿ ಕಟ್ಟಿದ ಚೆಂದದ ಒಂದು ಕೊಂಬೆ ನೆಟ್ಟಿರ್ತಾರೆ. ಕೊಂಬೆಯ ಹಿಂಬದಿಗೆ, ಕ್ಯಾಮೆರಾಗೆ ಕಾಣದ ಹಾಗೆ, ಹುಳ ಇಟ್ಟಿರ್ತಾರೆ. ಗಂಟೆ ಲೆಕ್ಕಕ್ಕೋ ದಿನದ ಲೆಕ್ಕಕ್ಕೋ ದುಡ್ಡು. ಕಳೆದ ಬೇಸಿಗೆಯಲ್ಲಿ ಗೆಳೆಯನ ಒತ್ತಾಯಕ್ಕೆ ನಾನೂ ಒಂದು ಕಡೆ ಹೋಗಿ ಕೂತಿದ್ದೆ. ಯಾವೂರು, ಯಾರದ್ದು ಅಂತ ಹೇಳೋದಿಲ್ಲ. ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ಕೂತೆ. ನೋಡ್ಕೊಳ್ಳೋ ಹುಡುಗ ಅರ್ಧ ಗಂಟೆಗೊಮ್ಮೆ ಬಗ್ಗಿ ಬಂದು ಹುಳ ಹಾಕಿ ಹೋಗ್ತಿದ್ದ. ಹಕ್ಕಿಗಳು ಬಂದವು. ನವರಂಗ ಬಂತು, ಎಮರಾಲ್ಡ್ ಡವ್ ಬಂತು, ನೀಲಿ ನೊಣಹಿಡುಕ ಬಂತು. ಬಂದದ್ದೇ ತಡ ಪಕ್ಕದ ಆರು ಕ್ಯಾಮೆರಾಗಳು ಟರ್ರ್... ಅಂತ ಶುರು. ಮಧ್ಯದಲ್ಲಿ ಒಂದು ಹರಟೆಮಲ್ಲನ ಗುಂಪು ಬಂದು ನೀರಿನಲ್ಲಿ ಮುಳುಗಿ ಎದ್ದು, ಒಂದರ ಬೆನ್ನು ಇನ್ನೊಂದು ಕೊಕ್ಕಿನಲ್ಲಿ ಕೆದರಿ, ಜಗಳ ಆಡಿ, ರಾಜಿಯಾಗಿ ಇಪ್ಪತ್ತು ನಿಮಿಷ ಭರ್ಜರಿ ನಾಟಕ ಮಾಡಿದವು. ಒಬ್ಬನೂ ಒಂದು ಕ್ಲಿಕ್ ಮಾಡಲಿಲ್ಲ. ಪಕ್ಕದವರು ಮೊಬೈಲ್ ತೆಗೆದು ಮೆಸೇಜ್ ನೋಡ್ತಾ ಕೂತರು. "ಬರೀ ಬ್ಯಾಬ್ಲರ್ ಸಾರ್, ಓಡಿಸ್ಲಾ?" ಅಂತ ಆ ಹುಡುಗ ಕೇಳಿದ. ಪಾಪ, ಅವನ ತಪ್ಪಲ್ಲ. ಗಿರಾಕಿಗಳು ಅವನಿಗೆ ಕಲಿಸಿಕೊಟ್ಟದ್ದೇ ಅದು.

ಹೈಡ್‌ಗಳ ಪರವಾಗಿ ಒಂದು ಮಾತಿದೆ, ಅದನ್ನು ನಾನು ತಳ್ಳಿಹಾಕೋದಿಲ್ಲ. ಊರಿನವರಿಗೆ ನಾಲ್ಕು ಕಾಸು ಸಿಗುತ್ತೆ, ಹಾಗಾಗಿ ಮರ ಕಡಿಯೋದಿಲ್ಲ, ಕವಣೆ ಹಿಡಿದು ಓಡಾಡುವ ಹುಡುಗರು ಗೈಡ್ ಆಗ್ತಾರೆ ಅಂತ. ಒಪ್ಪಿದೆ. ಬೇಸಿಗೆಯಲ್ಲಿ ನೀರಿಟ್ಟರೆ ನನಗೇನೂ ತಕರಾರಿಲ್ಲ, ನಮ್ಮಜ್ಜಿಯೂ ಬಾವಿಕಟ್ಟೆ ಮೇಲೆ ತೆಂಗಿನ ಚಿಪ್ಪಿನಲ್ಲಿ ನೀರಿಡ್ತಾರೆ. ಆದರೆ ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಹುಳ ಚೆಲ್ಲಿ ಹಕ್ಕಿಗಳನ್ನು ಗುಂಪು ಕೂಡಿಸಿದರೆ, ನಮಗೆ ತಿಳಿದದ್ದು ಬಿಜ್ಜಿಗೆ ತಿಳಿಯೋದಿಲ್ವೇ? ಕೆಲವು ಕಡೆ ಕೊಂಬೆಯ ಮೇಲೆ ಗಿಡುಗ ಎರಗಿದರೆ ಅದನ್ನೂ ‘ಆಕ್ಷನ್ ಶಾಟ್’ ಅಂತ ಸಂಭ್ರಮಿಸ್ತಾರೆ ಮಾರಾಯ್ರೆ! ಆಮೇಲೆ ಆ ಫೋಟೋ ಕೆಳಗೆ ಏನು ಬರೀತಾರೆ ಗೊತ್ತಾ? "ಕಾಡಿನ ಒಂದು ಅಪೂರ್ವ ಕ್ಷಣ." ಹುಳದ ಡಬ್ಬಿಯ ವಿಷಯ ಎಲ್ಲೂ ಇಲ್ಲ.

ಹುಳಕ್ಕಿಂತ ಕೆಟ್ಟದ್ದು ಸ್ಪೀಕರ್. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯೋದು. ಗಂಡು ಹಕ್ಕಿ ಹಾಡೋದು ನಮ್ಮನ್ನು ರಂಜಿಸೋಕಲ್ಲ, "ಇದು ನನ್ನ ಜಾಗ, ಇತ್ತ ಬರಬೇಡ" ಅಂತ ಉಳಿದ ಗಂಡುಗಳಿಗೆ ಹೇಳೋಕೆ, ಹೆಣ್ಣನ್ನು ಕರೆಯೋಕೆ. ಆ ಕೂಗು ಸ್ಪೀಕರಿನಿಂದ ಬಂದಾಗ ಅದಕ್ಕೆ ಕೇಳಿಸೋದು ಕಾಣದ ಒಬ್ಬ ಶತ್ರು. ತಿನ್ನೋದು ಬಿಟ್ಟು, ಮರಿಗೆ ತುತ್ತು ಕೊಡೋದು ಬಿಟ್ಟು, ಜಗಳಕ್ಕೆ ಬರುತ್ತೆ. ಎಷ್ಟು ಹುಡುಕಿದರೂ ಶತ್ರು ಸಿಗೋದಿಲ್ಲ, ಕೂಗು ಮಾತ್ರ ನಿಲ್ಲೋದಿಲ್ಲ. ನೀವು ಇಪ್ಪತ್ತು ಫ್ರೇಮ್ ತೆಗೆದು ಕಾರು ಹತ್ತುತ್ತೀರಿ, ಹಿಂದೆಯೇ ಇನ್ನೊಂದು ಕಾರು ಬರುತ್ತೆ. ಭಾನುವಾರ ಪೂರ್ತಿ ಆ ಹಕ್ಕಿಗೆ ಇದೇ ಕೆಲಸ. ನಿಮ್ಮ ಮನೆ ಕಾಲಿಂಗ್ ಬೆಲ್ ಯಾರಾದರೂ ಬೆಳಗಿನಿಂದ ಸಂಜೆವರೆಗೆ ಒತ್ತಿ ಓಡಿಹೋಗ್ತಿದ್ರೆ ಹೇಗಿರುತ್ತೆ, ಯೋಚನೆ ಮಾಡಿ.

ಇನ್ನು ಗೂಡು. ಇದನ್ನು ಬರೆಯೋವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಮಳೆಗಾಲದಲ್ಲಿ ಘಟ್ಟದ ಕೆಳಗಿನ ಮಣ್ಣಿನ ದರೆಗಳಲ್ಲಿ ಬಿಲ ತೋಡಿ ಮರಿ ಮಾಡುವ ಒಂದು ಪುಟಾಣಿ ಮಿಂಚುಳ್ಳಿ ಇದೆ, ಕಾಲಿಗೆ ಮೂರೇ ಬೆರಳು, ಹೋಳಿ ಹಬ್ಬದಲ್ಲಿ ಬಿದ್ದು ಎದ್ದು ಬಂದ ಹಾಗೆ ಬಣ್ಣ. ಅದರ ಬಿಲ ಒಂದು ಗೊತ್ತಾದರೆ ಸಾಕು, ವಾಟ್ಸಾಪಿನಲ್ಲಿ ಲೊಕೇಶನ್ ಹಾರುತ್ತೆ. ಎರಡು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಒಂದು ರಸ್ತೆ ಬದಿಯ ದರೆಯ ಎದುರು ಏಳು ಟ್ರೈಪಾಡ್ ಲೆಕ್ಕ ಮಾಡಿದ್ದೆ. ಬಿಲದ ಬಾಯಿಗೆ ಅಡ್ಡ ಬರ್ತಿದ್ದ ಜರೀಗಿಡ ಕಿತ್ತು ಹಾಕಿದ್ದರು, ಮುಂದೊಂದು ಕೋಲು ನೆಟ್ಟಿದ್ದರು. ತಾಯಿಯೋ ತಂದೆಯೋ ಬಾಯಲ್ಲಿ ಹಾವುರಾಣಿ ಮರಿ ಕಚ್ಚಿಕೊಂಡು ಆ ಕಡೆಯಿಂದ ಈ ಕಡೆ ಹಾರುತ್ತೆ, ಬಿಲಕ್ಕೆ ಹೋಗೋ ಧೈರ್ಯ ಇಲ್ಲ. ಹಾಗೇ ಮುಕ್ಕಾಲು ಗಂಟೆ. ಒಳಗೆ ಮರಿಗಳು. "ಸರ್, ಸ್ವಲ್ಪ ಹಿಂದೆ ಬಂದ್ರೆ ಅದು ಒಳಗೆ ಹೋಗುತ್ತೆ" ಅಂದೆ. "ನೀವು ಯಾವ ಡಿಪಾರ್ಟ್‌ಮೆಂಟು?" ಅಂತ ಕೇಳಿದರು ಒಬ್ಬ ಹಿರಿಯರು!

ಡಿಪಾರ್ಟ್‌ಮೆಂಟಿನ ಮಾತು ಬಂದದ್ದರಿಂದ ಹೇಳ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿ. ಅದರ ಎರಡನೇ ಕಲಮಿನಲ್ಲೇ ‘ಬೇಟೆ’ ಅಂದರೆ ಏನು ಅಂತ ಬರೆದಿದೆ. ಕೊಲ್ಲೋದು, ಹಿಡಿಯೋದು, ಬಲೆ ಹಾಕೋದು ಇವುಗಳ ಜೊತೆಗೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಬೇಟೆಯೇ. ಅಂದರೆ ಆ ಏಳು ಟ್ರೈಪಾಡಿನವರು ‘ಹೊಡ್ದೆ’ ಅಂತ ಹೇಳಿಕೊಂಡಿದ್ದರೆ ಅದು ಅಕ್ಷರಶಃ ಸರಿಯಾದ ಕನ್ನಡ. ಕಾನೂನು ಬರೆದವರಿಗೆ ಐವತ್ತು ವರ್ಷದ ಹಿಂದೆಯೇ ಹೊಳೆದದ್ದು ನಮ್ಮ ಇಂಜಿನಿಯರಿಂಗ್ ಡಿಗ್ರಿಯವರಿಗೆ ಹೊಳೀತಿಲ್ಲ.

ಇಷ್ಟು ಹೇಳಿದ ಕೂಡಲೇ ಬರೋ ಉತ್ತರ ನನಗೆ ಗೊತ್ತು. "ತೇಜಸ್ವಿ ಫೋಟೋ ತೆಗೀತಿರ್ಲಿಲ್ವಾ? ಪೆರುಮಾಳ್ ತೆಗೀತಿರ್ಲಿಲ್ವಾ? ಘೋರ್ಪಡೆ?" ತೆಗೀತಿದ್ರು. ಅದ್ಭುತವಾಗಿ ತೆಗೀತಿದ್ರು. ಆ ಕಾಲದ ಹಕ್ಕಿ ಫೋಟೋಗಳಲ್ಲಿ ಗೂಡಿನ ಹತ್ತಿರದ್ದೂ ಬಹಳ ಇವೆ ಅನ್ನೋದನ್ನೂ ಸೇರಿಸಿ ಹೇಳ್ತೀನಿ, ಮುಚ್ಚಿಡೋದೇನಿದೆ. ಆದರೆ ಯಾಕೆ ಅಂತ ನೋಡಿ. ಲೆನ್ಸ್ ಚಿಕ್ಕದು, ಫಿಲಂ ನಿಧಾನ, ರೋಲಿಗೆ ಮೂವತ್ತಾರೇ ಫ್ರೇಮು. ಹಕ್ಕಿ ಖಂಡಿತ ಬಂದು ಕೂರುವ ಜಾಗ ಅಂದರೆ ಗೂಡು ಒಂದೇ. ಈಗ ನಿಮ್ಮ ಹತ್ತಿರ ಆರುನೂರು ಎಂಎಂ ಲೆನ್ಸಿದೆ, ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಹೊಡೆಯೋ ಯಂತ್ರ ಇದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡೋ ಸಾಫ್ಟ್‌ವೇರ್ ಇದೆ. ಇಷ್ಟೆಲ್ಲಾ ಇದ್ದ ಮೇಲೂ ಗೂಡಿನ ಬಾಯಿಗೇ ಹೋಗಬೇಕು ಅಂದರೆ ಅದಕ್ಕೆ ಸೋಮಾರಿತನ ಅಂತಾರೆ. ಈಗ ಎಷ್ಟೋ ಸ್ಪರ್ಧೆಗಳವರು ಗೂಡಿನ ಚಿತ್ರ ತಗೊಳ್ಳೋದನ್ನೇ ನಿಲ್ಲಿಸಿದ್ದಾರೆ, ಸುಮ್ಮನೆ ಅಲ್ಲ.

ಮತ್ತೆ, ತೇಜಸ್ವಿಯವರ ಹೆಸರು ಹೇಳೋರಿಗೆ ಒಂದೇ ಪ್ರಶ್ನೆ. ‘ಮಿಂಚುಳ್ಳಿ’, ‘ಹಕ್ಕಿಪುಕ್ಕ’ ಓದಿದ್ದೀರಾ? ತಿರುವಿ ಹಾಕಿದ್ದೀರಾ ಅಂತ ಕೇಳ್ತಿಲ್ಲ, ಓದಿದ್ದೀರಾ? ಅಲ್ಲಿ ಹಕ್ಕಿಯ ಚಿತ್ರದ ಪಕ್ಕ ಇರೋದು ಲೆನ್ಸಿನ ನಂಬರ್ ಅಲ್ಲ, ಆ ಹಕ್ಕಿಯ ಬದುಕು. ಮೂಡಿಗೆರೆಯ ತೋಟದಲ್ಲಿ ವರ್ಷಗಟ್ಟಲೆ ಕೂತು ನೋಡಿದವರು ಅವರು. 2007ರಲ್ಲಿ ಅವರು ಹೋದಮೇಲೆ ಅವರ ಫೋಟೋ ಹಾಕಿ ‘ಗುರುಗಳು’ ಅನ್ನೋರು ಬೇಕಾದಷ್ಟು ಜನ ಹುಟ್ಟಿಕೊಂಡಿದ್ದಾರೆ. ಗುರುಗಳ ಹಾಗೆ ಒಂದು ಜಾಗದಲ್ಲಿ ಬಾಯಿಮುಚ್ಚಿ ಕೂರೋರು ಎಷ್ಟು ಜನ?

ಸಾಲಿಂ ಅಲಿ ವಿಷಯವೂ ಹೀಗೇ ಎತ್ತುತ್ತಾರೆ. "ಅವರು ಹಕ್ಕಿಗಳನ್ನು ಗುಂಡಿಟ್ಟೇ ಕೊಲ್ತಿದ್ರಲ್ಲ, ನಾವು ಫೋಟೋ ತಾನೇ ತೆಗೆಯೋದು" ಅಂತ. ಹೌದು, ಆಗ ಹಕ್ಕಿ ಅಧ್ಯಯನ ಅಂದರೆ ಹಾಗೇ ಇತ್ತು. ಆದರೆ ಹಾಗೆ ತಂದ ಪ್ರತಿಯೊಂದು ಹಕ್ಕಿಯ ಕಾಲಿಗೂ ಒಂದು ಚೀಟಿ, ಅದರಲ್ಲಿ ಎಲ್ಲಿ, ಯಾವತ್ತು, ಗಂಡೋ ಹೆಣ್ಣೋ, ಎಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದು ಇವರೇ. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನು ನೋಡಿ, ಇದನ್ನು ಕಾಪಾಡಿ ಅಂತ ಅರಸರಿಗೆ ಹೇಳಿ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯಿತು. ನಿಮ್ಮ ಫೋಟೋ ಆಲ್ಬಮ್ಮಿನಿಂದ ಒಂದು ಕೆರೆ ಉಳೀತಾ ಹೇಳಿ, ನಾನು ಟೋಪಿ ತೆಗೀತೀನಿ.

ಅವರದೇ ಇನ್ನೊಂದು ಕತೆ ನನಗೆ ಬಹಳ ಇಷ್ಟ. 1930ರ ಹೊತ್ತು, ಅವರಿಗೆ ಕೆಲಸ ಇಲ್ಲ. ಮುಂಬಯಿ ಸಮೀಪದ ಕಿಹಿಂ ಅನ್ನೋ ಕಡಲತೀರದ ಊರಿನಲ್ಲಿ ಮನೆ. ಹತ್ತಿರದಲ್ಲೇ ಗೀಜಗಗಳ ಒಂದು ಕಾಲನಿ. ಏಣಿಯ ಮೇಲೆ ಮರೆ ಕಟ್ಟಿಕೊಂಡು ದಿನಾ ಕೂತು ನೋಡಿದರು. ಗೀಜಗನ ಗೂಡು ನೋಡದವರು ಯಾರಿದ್ದಾರೆ? ನಮ್ಮ ಶಾಲೆಗಳ ಗೋಡೆಗೆಲ್ಲಾ ನೇತು ಹಾಕಿರ್ತಾರೆ. ಆದರೆ ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತೆ, ಹೆಣ್ಣುಗಳು ಬಂದು ಮನೆ ನೋಡಿದ ಹಾಗೆ ನೋಡಿ ಒಂದನ್ನು ಒಪ್ಪುತ್ತವೆ, ಒಪ್ಪಿದ ಮೇಲೆ ಗಂಡು ಅದನ್ನು ಪೂರ್ತಿ ಮಾಡಿಕೊಟ್ಟು ಪಕ್ಕದಲ್ಲಿ ಇನ್ನೊಂದು ಗೂಡು ಶುರು ಮಾಡುತ್ತೆ, ಇನ್ನೊಂದು ಹೆಣ್ಣಿಗಾಗಿ! ಇದನ್ನೆಲ್ಲ ಸರಿಯಾಗಿ ಬಿಡಿಸಿ ಹೇಳಿದ್ದು ಆ ಕೆಲಸವಿಲ್ಲದ ಮನುಷ್ಯ. ಗೀಜಗ ಯಾವ ಹೈಡ್‌ನಲ್ಲೂ ‘ಟಾರ್ಗೆಟ್’ ಅಲ್ಲ ಅಂತ ನೆನಪಿರಲಿ.

ಕಾಲಿಗೆ ಕಟ್ಟಿದ ಚೀಟಿಯ ಮಾತು ಬಂತಲ್ಲ. ಸುಳ್ಳು ಚೀಟಿ ಏನು ಮಾಡುತ್ತೆ ಅನ್ನೋದಕ್ಕೆ ಒಂದು ಪತ್ತೇದಾರಿ ಕತೆ ಇದೆ. ಮಧ್ಯ ಭಾರತದ ಒಂದು ಪುಟ್ಟ ಗೂಬೆ, ಫಾರೆಸ್ಟ್ ಔಲೆಟ್. 1884ರ ಮೇಲೆ ಯಾರಿಗೂ ಸಿಕ್ಕಿರಲಿಲ್ಲ, ಒಂದು ಮಾದರಿ ಬಿಟ್ಟು. ಅದು ಮೈನರ್ಟ್ಜ್‌ಹೇಗನ್ ಅನ್ನೋ ಬ್ರಿಟಿಷ್ ಕರ್ನಲ್ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದೆ ಅಂತ ಚೀಟಿ ಬರೆದಿಟ್ಟದ್ದು. ಪಮೇಲಾ ರಾಸ್ಮುಸನ್ ಅನ್ನೋ ಪಕ್ಷಿತಜ್ಞೆ ಮ್ಯೂಸಿಯಮ್ಮಿನ ಡ್ರಾಯರುಗಳನ್ನು ಕೆದಕಿ ನೋಡಿದರೆ ಆ ಕರ್ನಲ್ ಬೇರೆಯವರ ಮಾದರಿಗಳನ್ನು ಕದ್ದು ತನ್ನ ಚೀಟಿ ಕಟ್ಟಿದ್ದ ಕಳ್ಳ! ಆ ಗೂಬೆಯೂ ಕದ್ದದ್ದೇ. ಮಾಂಡ್ವಿ ಸುಳ್ಳು ಅಂತಾದ ಮೇಲೆ, 1997ರ ನವೆಂಬರಿನಲ್ಲಿ ಅವರ ತಂಡ ಹಳೆಯ ನಿಜವಾದ ಚೀಟಿಗಳಿದ್ದ ಜಾಗಗಳಿಗೆ ಹೋಯಿತು. ಮಹಾರಾಷ್ಟ್ರದ ಶಹಾದಾ ಹತ್ತಿರ ಹಾಡುಹಗಲೇ ಗೂಬೆ ಮರದ ಮೇಲೆ ಕೂತಿತ್ತು. ನೂರಾ ಹದಿಮೂರು ವರ್ಷ! ಹುಳ ಇಟ್ಟು ಕರೆಸಿದ ಹಕ್ಕಿಯ ಕೆಳಗೆ ‘ಅಪೂರ್ವ ಕ್ಷಣ’ ಅಂತ ಬರೆಯೋವಾಗ ಈ ಕರ್ನಲ್‌ನ ನೆನಪು ಮಾಡಿಕೊಳ್ಳಿ ಅನ್ನೋದಷ್ಟೇ ನನ್ನ ವಿನಂತಿ :)

"ಫೋಟೋ ನೋಡಿ ಜನಕ್ಕೆ ಹಕ್ಕಿ ಮೇಲೆ ಪ್ರೀತಿ ಬರುತ್ತೆ, ಅದರಿಂದ ಸಂರಕ್ಷಣೆ ಆಗುತ್ತೆ" ಅನ್ನೋದು ಇನ್ನೊಂದು ವಾದ. ಆಗಿದ್ದರೆ ಸಂತೋಷ. ಆದರೆ ನಮ್ಮ ನೀಲಕಂಠನನ್ನು ತಗೊಳ್ಳಿ. ಕರ್ನಾಟಕದ ರಾಜ್ಯಪಕ್ಷಿ, ಚೆಲುವಿಗೇನೂ ಕಡಿಮೆ ಇಲ್ಲ, ರೆಕ್ಕೆ ಬಿಚ್ಚಿದರೆ ಎರಡು ನೀಲಿ. ಹೊಲದ ಪಕ್ಕದ ಕರೆಂಟ್ ತಂತಿ ಮೇಲೆ ಕೂರೋ ಹಕ್ಕಿ. ಫೋಟೋಗಳು ಸಾವಿರಾರು ಇವೆ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಲ್ಲಿ ಈ ನೀಲಕಂಠ ದೇಶದಾದ್ಯಂತ ಎಷ್ಟು ಕಡಿಮೆಯಾಗಿದೆ ಅಂದರೆ ಅದರ ಅಂತಾರಾಷ್ಟ್ರೀಯ ಸ್ಥಾನಮಾನವನ್ನೇ ಮರುಪರಿಶೀಲಿಸಿ ಅಂತ ಶಿಫಾರಸು ಮಾಡಿದ್ದಾರೆ. ಇದು ಯಾರಿಂದ ಗೊತ್ತಾಯಿತು? ಒಂದು ನೀಲಕಂಠನ ನೂರು ಫೋಟೋ ತೆಗೆದವರಿಂದ ಅಲ್ಲ. ಬೆಳಿಗ್ಗೆ ಹದಿನೈದು ನಿಮಿಷ ನಿಂತು, ಕಂಡ ಕಾಗೆ, ಕೇಳಿದ ಕುಟ್ರು, ಹಾರಿಹೋದ ಬೆಳ್ಳಕ್ಕಿ ಎಲ್ಲವನ್ನೂ ಎಣಿಸಿ ಇ-ಬರ್ಡ್‌ಗೆ ಹಾಕೋ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಂದ. ಅವರು ಕಳಿಸಿದ ಪಟ್ಟಿಗಳಿಂದಲೇ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ನೋಡಿ, ಅದರಲ್ಲಿ 178ಕ್ಕೆ ತುರ್ತಾಗಿ ಗಮನ ಕೊಡಿ ಅಂದಿದ್ದಾರೆ. ಮೊಬೈಲ್ ಟವರಿನಿಂದ ಗುಬ್ಬಚ್ಚಿಗಳೆಲ್ಲ ಸತ್ತವು ಅಂತ ಪ್ರತಿ ಮಾರ್ಚ್ 20ಕ್ಕೆ ಒಂದು ಫಾರ್ವರ್ಡ್ ಬರುತ್ತಲ್ಲ, ಅದಕ್ಕೂ ಉತ್ತರ ಸಿಕ್ಕಿದ್ದು ಹೀಗೆ ಎಣಿಸಿದವರಿಂದಲೇ. ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ ಅಂತ 2020ರ ವರದಿ ಹೇಳಿತು. ‘ಬರೀ ಬ್ಯಾಬ್ಲರ್’ ಅನ್ನೋರಿಗೆ ಇದು ಗೊತ್ತಾಗೋ ದಾರಿಯೇ ಇಲ್ಲ.

ಈಗ ಪುಸ್ತಕಕ್ಕೆ ಬರ್ತೀನಿ. "ಆಪ್ ಇರೋವಾಗ ಪುಸ್ತಕ ಯಾಕೆ?" ಅಂತ ಕೇಳ್ತಾರೆ. ಮೆರ್ಲಿನ್ ಆಪ್ ನಾನೂ ಬಳಸ್ತೀನಿ, ಒಳ್ಳೆಯ ಸಾಧನ. ಕೂಗು ಕೇಳಿಸಿದರೆ ಹೆಸರು ಹೇಳುತ್ತೆ. ಆದರೆ ಹೆಸರು ಸಿಕ್ಕಿದ ಕೂಡಲೇ ನಮ್ಮ ಕುತೂಹಲ ಮುಗಿದುಹೋಗುತ್ತೆ, ಅಲ್ಲೇ ಇರೋದು ತೊಂದರೆ. ಪುಸ್ತಕ ಹೆಸರಿನಿಂದ ಶುರುವಾಗುತ್ತೆ. ಒಂದೇ ಪುಟದಲ್ಲಿ ಒಂದೇ ತರಹ ಕಾಣೋ ಆರು ಹಕ್ಕಿ ಇರ್ತವೆ, ನೀವು ಕಂಡದ್ದು ಯಾಕೆ ಉಳಿದ ಐದಲ್ಲ ಅಂತ ಯೋಚಿಸಲೇಬೇಕು.

1941ರಲ್ಲಿ ಬಂದ ಸಾಲಿಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ನೋಡಿ. ಅದರಲ್ಲಿ ಹಕ್ಕಿಯ ಗಾತ್ರ ಹೇಗೆ ಕೊಡ್ತಾರೆ ಗೊತ್ತಾ? ಗುಬ್ಬಚ್ಚಿಗಿಂತ ದೊಡ್ಡದು, ಪಿಕಳಾರದಷ್ಟು, ಗೊರವಂಕಕ್ಕಿಂತ ಚಿಕ್ಕದು, ಕಾಗೆಯಷ್ಟು, ಹೀಗೆ. ಅಂದರೆ ಈ ಪುಸ್ತಕ ಬಳಸಬೇಕಾದರೆ ಮೊದಲು ನಿಮಗೆ ಗುಬ್ಬಿ, ಪಿಕಳಾರ, ಗೊರವಂಕ, ಕಾಗೆ ಚೆನ್ನಾಗಿ ಗೊತ್ತಿರಬೇಕು. ಅಳತೆಗೋಲು ಹಿತ್ತಲಿನಲ್ಲಿದೆ! ನನ್ನ ಇಡೀ ಜಗಳ ಈ ಒಂದು ಪದ್ಧತಿಯಲ್ಲಿ ಅಡಗಿದೆ. ಗ್ರಿಮೆಟ್ ಮತ್ತು ಇನ್ಸ್‌ಕಿಪ್ ದಂಪತಿಯ ಗೈಡು ಈಗ ಎಲ್ಲರ ಬ್ಯಾಗಿನಲ್ಲಿ ಇರುತ್ತೆ, ಇರಬೇಕಾದ್ದೇ, ಚಿತ್ರಗಳು ನಂಬಿಕೆಗೆ ಅರ್ಹ. ಓದೋಕೆ ಮಾತ್ರ ಟೆಲಿಫೋನ್ ಡೈರೆಕ್ಟರಿ ಇದ್ದಂಗೆ. 2005ರಲ್ಲಿ ಮೊದಲು ಬಂದ ರಾಸ್ಮುಸನ್ (ಅದೇ ಗೂಬೆ ಪತ್ತೆ ಮಾಡಿದವರು) ಮತ್ತು ಆಂಡರ್ಟನ್‌ರ ಎರಡು ಸಂಪುಟ ದುಬಾರಿ, ಹೊರೋಕೆ ಆಗೋದಿಲ್ಲ, ಆದರೆ ಹಕ್ಕಿ ಕೂಗಿನ ಸೋನೋಗ್ರಾಮ್ ಅಂದರೆ ಧ್ವನಿಯ ಗ್ರಾಫ್ ಅದರಲ್ಲಿದೆ. ನಮ್ಮಂಥ ಸಾಫ್ಟ್‌ವೇರಿನವರಿಗೆ ರುಚಿಸುತ್ತೆ. ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಒಂದೇ ಒಂದು ಪುಸ್ತಕ ಓದ್ತೀನಿ ಅನ್ನೋರಿಗೆ ಸಾಲಿಂ ಅಲಿಯವರ ಆತ್ಮಕತೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’, 1985ರದ್ದು. ಹುಡುಗನೊಬ್ಬ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತು ಹಳದಿ ಯಾಕಿದೆ ಅಂತ ಕೇಳ್ಕೊಂಡು ಮ್ಯೂಸಿಯಮ್ಮಿಗೆ ಹೋದ ಕತೆ. ಕೇಳಿದ್ದರಿಂದ ಇಡೀ ಜನ್ಮ ಬದಲಾಯಿತು.

ನೀವು ಗಮನಿಸಿರಬೇಕು, ಮೇಲಿನ ಪ್ಯಾರಾದಲ್ಲಿ ಕನ್ನಡದ್ದು ಒಂದೂ ಇಲ್ಲ. ತೇಜಸ್ವಿಯವರದ್ದು ಬಿಟ್ಟರೆ ತಟ್ಟನೆ ನಾಲಿಗೆಗೆ ಬರೋ ಹೆಸರು ನಮಗೆ ಕಡಿಮೆ. ಬಂದೇ ಇಲ್ಲ ಅಂತಲ್ಲ, ಬಂದವನ್ನೂ ನಾವು ಓದಿ ಹೊತ್ತುಕೊಂಡು ತಿರುಗಲಿಲ್ಲ. ಪಕ್ಕದ ಮಲೆಯಾಳದಲ್ಲಿ ಇಂದುಚೂಡನ್ ಅನ್ನೋ ಹೆಸರಲ್ಲಿ ಬರೀತಿದ್ದ ನೀಲಕಂಠನ್ ಅನ್ನೋ ಇಂಗ್ಲಿಷ್ ಮೇಷ್ಟ್ರು 1958ರಲ್ಲೇ ‘ಕೇರಳತ್ತಿಲೆ ಪಕ್ಷಿಗಳ್’ ತಂದರು. ಜನ ಅದನ್ನು ಕತೆ ಪುಸ್ತಕದ ಹಾಗೆ ಓದಿದರು. 2015ರಿಂದ 2020ರವರೆಗೆ ಇಡೀ ಕೇರಳವನ್ನು ಚೌಕಚೌಕ ಮಾಡಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಹಕ್ಕಿ ಎಣಿಸಿ ಅಟ್ಲಾಸ್ ಮಾಡಿದ್ದಾರೆ. ಆ ಪುಸ್ತಕಕ್ಕೂ ಈ ಅಟ್ಲಾಸಿಗೂ ಸಂಬಂಧ ಇಲ್ಲ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ನಮ್ಮಲ್ಲಿ ಗಿಡಮರಗಳಿಗೆ ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ ಬರೆದು ಕೊಟ್ಟರು. ಹಾಸ್ಟೆಲಿನಲ್ಲಿ ಮೆಕ್ಯಾನಿಕಲ್ ಹುಡುಗರೂ ನಗ್ತಾ ಓದ್ತಿದ್ದದ್ದು ನೋಡಿದ್ದೀನಿ. ಹಕ್ಕಿಗಳ ಪಾಳಿ ಇನ್ನೂ ಬಾಕಿ.

ಭಾಷೆಯ ಮಾತು ಬಂದರೆ ಕೆಲವರು ಮೂಗು ಮುರೀತಾರೆ. ಸಂಪಿಗೆಯನ್ನು ಮ್ಯಾಗ್ನೋಲಿಯಾ ಅಂತ ಕರೀತೀರಾ? ಇಲ್ಲ ತಾನೆ. ಮತ್ತೆ ಕಾಜಾಣ ಯಾಕೆ ‘ಡ್ರಾಂಗೋ’ ಆಯಿತು? ಮಡಿವಾಳ ಯಾಕೆ ‘ಮ್ಯಾಗ್‌ಪೈ ರಾಬಿನ್’ ಆಯಿತು? ಕುವೆಂಪು ಕಾದಂಬರಿ, ಕವಿತೆಗಳಲ್ಲಿ ಬರೋ ಕಾಜಾಣ, ಪಿಕಳಾರ, ಮಡಿವಾಳಗಳನ್ನು ನಮ್ಮ ಮೇಷ್ಟ್ರುಗಳು ‘ಒಂದು ಜಾತಿಯ ಪಕ್ಷಿ’ ಅಂತ ಅರ್ಥ ಬರೆಸಿ ಮುಂದೆ ಹೋದರು. ಅವೆಲ್ಲ ಶಾಲೆಯ ಕಿಟಕಿಯಾಚೆ ಕೂಗ್ತಾ ಇದ್ದವು! ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರಿಕೊಂಡ ಗಾದೆ ಎಲ್ಲರ ಬಾಯಲ್ಲೂ ಇದೆ. ಅದೇ ಕೆಂಬೂತ ಕಾಂಪೌಂಡಿನ ಮೇಲೆ ಕೂತರೆ "ಇದ್ಯಾವುದೋ ಕೆಂಪು ಕಾಗೆ" ಅಂತಾರೆ. ಬುಡುಬುಡಿಕೆಯವರು ಹಾಲಕ್ಕಿ ನುಡಿಯಿತು ಅಂತ ಹೇಳ್ತಾರಲ್ಲ, ಆ ಹಾಲಕ್ಕಿ ನಮ್ಮ ಬೆಂಗಳೂರಿನ ಮರದ ಪೊಟರೆಗಳಲ್ಲೇ ಇರೋ ಚುಕ್ಕೆ ಗೂಬೆ ಅಂತ ಎಷ್ಟು ಜನಕ್ಕೆ ಗೊತ್ತು?

ಇದರ ಇನ್ನೊಂದು ತುದಿಯಲ್ಲಿ ಶುದ್ಧ ಕನ್ನಡದ ಉತ್ಸಾಹಿಗಳಿದ್ದಾರೆ. ಇಂಗ್ಲಿಷ್ ಹೆಸರನ್ನು ಮುಂದಿಟ್ಟುಕೊಂಡು ಪದಕ್ಕೆ ಪದ ಇಳಿಸೋರು. ‘ಕಂದು ಎದೆಯ ಬಿಳಿ ಹುಬ್ಬಿನ’ ಅಂತ ಶುರುವಾದ ಹೆಸರು ಮುಗಿಯೋ ಹೊತ್ತಿಗೆ ಹಕ್ಕಿ ಪಕ್ಕದ ಜಿಲ್ಲೆಯಲ್ಲಿರುತ್ತೆ. ಹೆಸರು ಇಡೋಕಿಂತ ಮೊದಲು ಇರೋ ಹೆಸರು ಕೇಳಬೇಕು ಕಣ್ರೀ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಇದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ ಎರೆಭೂತ ಅನ್ನೋ ಹೆಸರಿದೆ. ಹಕ್ಕಿ ಎಲ್ಲಿ ಬದುಕುತ್ತೆ ಅನ್ನೋ ವಿಳಾಸ ಹೆಸರಿನಲ್ಲೇ ಇದೆ. ರಾಣೆಬೆನ್ನೂರಿನ ಕಡೆ ಅದು ಹೋಯಿತು, ಬಳ್ಳಾರಿಯ ಸಿರುಗುಪ್ಪದಲ್ಲಿ ಬೆರಳೆಣಿಕೆಗೆ ಬಂದು ನಿಂತಿದೆ.

ಸ್ಥಳೀಯ ಹೆಸರು ಬರೀ ಅಭಿಮಾನದ ವಿಷಯ ಅಂದುಕೊಂಡವರಿಗೆ ಆಂಧ್ರದ ಕಡಪ ಜಿಲ್ಲೆಯ ಕತೆ ಹೇಳಬೇಕು. ಜೆರ್ಡನ್ಸ್ ಕೋರ್ಸರ್ ಅನ್ನೋ ಹಕ್ಕಿ 1900ರ ನಂತರ ವಿಜ್ಞಾನಿಗಳ ಕಣ್ಣಿಗೆ ಬೀಳಲೇ ಇಲ್ಲ. ಅಳಿದುಹೋಯಿತು ಅಂತಲೇ ಬಹಳ ಜನ ನಂಬಿದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಚಿತ್ರ ಹಿಡ್ಕೊಂಡು ಹಳ್ಳಿಹಳ್ಳಿ ತೋರಿಸಿದರೆ ಊರಿನವರು "ಇದು ಕಲಿವಿ ಕೋಡಿ" ಅಂದರು. ಕಲಿವಿ ಅಂದರೆ ನಮ್ಮ ಕವಳಿ ಹಣ್ಣಿನ ಜಾತಿಯ ಮುಳ್ಳುಪೊದೆ, ಕೋಡಿ ಅಂದರೆ ಕೋಳಿ. ಆ ಪೊದೆಗಳ ನಡುವೆ ರಾತ್ರಿ ಓಡಾಡೋ ಹಕ್ಕಿ. 1986ರ ಜನವರಿಯಲ್ಲಿ ಸಿಕ್ಕೇಬಿಟ್ಟಿತು, ಊರಿನ ಬೇಟೆಗಾರನ ಕೈಯಿಂದ. ಅದಕ್ಕಾಗಿಯೇ ಶ್ರೀ ಲಂಕಾಮಲ್ಲೇಶ್ವರ ಅಭಯಾರಣ್ಯ ಆಯಿತು. ವಿಜ್ಞಾನಕ್ಕೆ ಎಂಬತ್ತಾರು ವರ್ಷ ಕಳೆದುಹೋಗಿದ್ದ ಹಕ್ಕಿ ತೆಲುಗಿಗೆ ಒಂದು ದಿನವೂ ಕಳೆದುಹೋಗಿರಲಿಲ್ಲ.

ಆದ್ದರಿಂದ ಕ್ಯಾಮೆರಾ ಮಾರಿಬಿಡಿ ಅಂತ ನಾನೇನೂ ಹೇಳೋದಿಲ್ಲ, ಹೇಳಿದರೆ ಕೇಳೋರು ಯಾರು. ಗೂಡಿನ ಹತ್ತಿರ ಹೋಗಬೇಡಿ, ಲೊಕೇಶನ್ ಹಂಚಬೇಡಿ, ಸ್ಪೀಕರ್ ಮನೆಯಲ್ಲೇ ಬಿಡಿ, ಹುಳ ಹಾಕಿ ತೆಗೆದದ್ದಕ್ಕೆ ಹುಳ ಹಾಕಿದೆ ಅಂತ ಬರೀರಿ. ಹೆಸರಘಟ್ಟದ ಹುಲ್ಲುಗಾವಲಿಗೆ ಕಾರು ಇಳಿಸಬೇಡಿ, ನೆಲಗುಬ್ಬಿಯ ಮೊಟ್ಟೆ ನೆಲದ ಮೇಲೇ ಇರೋದು, ಟೈರಿಗೆ ಕಣ್ಣಿಲ್ಲ. ಇಷ್ಟನ್ನು ಫೋಟೋಗ್ರಾಫರುಗಳಿಗೆ ಹೇಳಿ ಮುಗಿಸ್ತೀನಿ. ಉಳಿದದ್ದು ನಿಮಗೆ, ಕನ್ನಡದಲ್ಲಿ ಬರೆಯೋ ನಿಮಗೆ.

1960ರ ಹೊತ್ತಿಗೆ ಜಾಫರ್ ಫತೇಹಲ್ಲಿ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಅಂತ ಒಂದು ಸಣ್ಣ ಪತ್ರಿಕೆ ಶುರು ಮಾಡಿದ್ದರು. ಪಂಡಿತರೂ ಬರೀತಿದ್ದರು, ನಮ್ಮ ಹಿತ್ತಲಿಗೆ ಈ ವಾರ ಚಂದ್ರಮುಕುಟ ಬಂದಿತ್ತು ಅನ್ನೋ ತರಹದವರೂ ಬರೀತಿದ್ದರು. ಒಂದು ರೀತಿಯಲ್ಲಿ ನಾವೀಗ ಮಾಡ್ತಿರೋದೂ ಅದೇ. ಸಿನಿಮಾ ವಿಮರ್ಶೆ, ಟ್ರೆಕ್ಕಿಂಗ್ ಕತೆಗಳ ನಡುವೆ ತಿಂಗಳಿಗೊಂದು ಸಲ ನಿಮ್ಮ ಮನೆಯ ಕಿಟಕಿಯಿಂದ ಕಂಡದ್ದು ಬರೀರಿ. ಯಾವ ತಾರೀಕು, ಯಾವ ಊರು, ನಿಮ್ಮಜ್ಜಿ ಅದಕ್ಕೆ ಏನಂತಾರೆ. ಫೋಟೋ ಇಲ್ಲದಿದ್ದರೂ ನಡೆಯುತ್ತೆ.

ನಾನೇ ಶುರು ಮಾಡ್ತೀನಿ. ನಮ್ಮದು ಸಾಗರದ ಕಡೆ. ಚಳಿ ಮುಗಿದು ಕುಟ್ರು ಹಕ್ಕಿ ಒಂದೇ ಸಮನೆ ಕುಟ್ರ್ರ್ ಕುಟ್ರ್ರ್ ಶುರು ಮಾಡಿದರೆ "ಬ್ಯಾಸಿಗೆ ಬಂತು, ಹಪ್ಪಳದ ಕೆಲ್ಸ ನೋಡಿ" ಅಂತಾರೆ ನಮ್ಮಜ್ಜಿ. ಭೀಮರಾಜ ಅಂದರೆ ಬಾಲದಲ್ಲಿ ಎರಡು ಚಾವಟಿ ಇರೋ ಕಾಜಾಣ. ಕೆಂಬೂತಕ್ಕೆ ರತ್ನಪಕ್ಷಿ ಅಂತ ಹೇಳೋರೂ ಇದ್ದಾರೆ, ಸಂಬಾರಗಾಗೆ ಅಂತ ಹೇಳೋರೂ ಇದ್ದಾರೆ. ಇನ್ನು ಜೂನ್ ತಿಂಗಳಲ್ಲಿ ಬೆಳಕು ಹರಿಯೋ ಮೊದಲೇ ಹಳ್ಳದ ಪಕ್ಕ ಕೂತು, ರಾಗ ಮರೆತ ಹುಡುಗನ ಹಾಗೆ ಸಿಳ್ಳೆ ಹಾಕ್ತಾನಲ್ಲ ಒಬ್ಬ, ಕಪ್ಪು ಮೈ, ಭುಜದಲ್ಲಿ ನೀಲಿ, ಇಂಗ್ಲಿಷಿನವರು ಮಲಬಾರ್ ವಿಸ್ಲಿಂಗ್ ಥ್ರಷ್ ಅನ್ನೋದು... ಅದಕ್ಕೆ ನಮ್ಮ ಊರಿನಲ್ಲೇ ಮನೆಗೊಂದು ಹೆಸರು ಹೇಳ್ತಾರೆ. ಕೊಡಗಿನವರು, ಶಿರಸಿಯವರು, ಕಾರ್ಕಳದವರು, ನಿಮ್ಮಲ್ಲಿ ಏನಂತೀರಿ?